ಕಾಳಿಯ ಕಲ್ಲಿನಿಂದ ವಿಮಾನದ ಚೀಲದವರೆಗೆ



ಜಯನಗರದ ಶಾಲೆಯಲ್ಲಿ ನನ್ನ ಬಳಿ ಚರಿತ್ರೆ ಕಲಿತ ನಿಮ್ಮಲ್ಲಿ ಅನೇಕರಿಗೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದದ್ದು ನೆನಪಿರಬಹುದು. ಪ್ರತಿ ವರ್ಷವೂ ಒಂಬತ್ತನೆಯ ತರಗತಿಯವರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ನೀವೆಲ್ಲ ಕತ್ತಿ, ಗುರಾಣಿ, ನಾಣ್ಯಗಳ ಮುಂದೆ ಗುಂಪುಗೂಡುತ್ತಿದ್ದಿರಿ. ನಾನು ಮಾತ್ರ ಹಟ ಹಿಡಿದು ಒಂದು ಕಲ್ಲಿನ ಮುಂದೆ ನಿಲ್ಲಿಸುತ್ತಿದ್ದೆ. ಅದರ ಮೇಲೆ ಒಂದು ನಾಯಿಯೂ ಒಂದು ಕಾಡುಹಂದಿಯೂ ಸೆಣಸುತ್ತಿರುವ ಶಿಲ್ಪ, ಸುತ್ತಲೂ ಹಳಗನ್ನಡದ ಅಕ್ಷರಗಳು. ಅದೇ ಆತಕೂರಿನ ಶಾಸನ. "ಸಾರ್, ಇದು ರಾಜನ ಕಲ್ಲಲ್ಲವೇ, ನಾಯಿಯ ಕಲ್ಲೇ?" ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಿದ್ದರು. ಆ ಪ್ರಶ್ನೆಯನ್ನು ನನಗೆ ಮೊದಲು ಕೇಳಿದ ಹುಡುಗನ ವಿಷಯವನ್ನು ಮಾತ್ರ ನಾನು ತರಗತಿಯಲ್ಲಿ ಎಂದೂ ಹೇಳಲಿಲ್ಲ. ಈಗ ಹೇಳಬೇಕಾದ ಕಾಲ ಬಂದಿದೆ. ಅದಕ್ಕೆ ಕಾರಣ ನನ್ನ ಮೊಮ್ಮಗಳು ಮತ್ತು ಅವಳ ನಾಯಿ.

2024ರ ಆರಂಭದಲ್ಲಿ ನನ್ನ ಮಗನಿಗೆ ಜರ್ಮನಿಯಲ್ಲಿ ಕೆಲಸ ದೊರೆತು ಅವನು ಫ್ರಾಂಕ್‌ಫರ್ಟಿಗೆ ಹೋದ. ಸೊಸೆಯೂ ಹತ್ತು ವರ್ಷದ ಮೊಮ್ಮಗಳೂ ಇಲ್ಲಿಯ ಪರೀಕ್ಷೆಗಳು ಮುಗಿದ ಮೇಲೆ ಏಪ್ರಿಲ್ ಕೊನೆಯಲ್ಲಿ ಹೊರಡುವುದೆಂದು ನಿಶ್ಚಯವಾಗಿತ್ತು. ಜೊತೆಯಲ್ಲಿ ಮುತ್ತು ಎಂಬ ನಾಯಿಯೂ ಹೋಗಬೇಕಿತ್ತು. ನಮ್ಮ ಕಡೆ ಎಲ್ಲರೂ ಪೊಮೇರಿಯನ್ ಎಂದು ಕರೆದು, ತಿಳಿದವರು ಇಂಡಿಯನ್ ಸ್ಪಿಟ್ಜ್ ಎಂದು ತಿದ್ದುವ ಬಿಳಿಯ ತುಪ್ಪುಳಿನ ತಳಿ ಅದು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಜಯನಗರ, ಬನಶಂಕರಿಗಳ ಬೀದಿಗಳಲ್ಲಿ ಇಂತಹ ನಾಯಿಗಳು ಎಷ್ಟೋ ಗೇಟುಗಳ ಹಿಂದೆ ನಿಂತು ಬೊಗಳುತ್ತಿದ್ದವು. ಮುತ್ತುವಿನ ತೂಕ ಐದು ಕಿಲೋ ಚಿಲ್ಲರೆ. ಇಷ್ಟು ಸಣ್ಣ ನಾಯಿಯನ್ನು ಚೀಲದಲ್ಲಿಟ್ಟು, ವಿಮಾನದಲ್ಲಿ ನಮ್ಮ ಕಾಲಬುಡದಲ್ಲಿಯೇ ಇರಿಸಿಕೊಂಡು ಹೋಗಬಹುದೆಂದು ಸೊಸೆ ತಿಳಿದುಕೊಂಡಿದ್ದಳು. ಸ್ಥಳವನ್ನೂ ಕಾಯ್ದಿರಿಸಿದ್ದಳು. ಚೀಲವನ್ನೂ ಕೊಂಡಿದ್ದಳು.

ಬನಶಂಕರಿ ಎರಡನೆಯ ಹಂತದಲ್ಲಿ ಚಿಕಿತ್ಸಾಲಯ ನಡೆಸುವ ಪಶುವೈದ್ಯರೊಬ್ಬರು ನನ್ನ ಹಳೆಯ ವಿದ್ಯಾರ್ಥಿ. ಏಪ್ರಿಲ್ ಮಧ್ಯದಲ್ಲಿ ಅವರ ಬಳಿ ಹೋಗಿ ಲಸಿಕೆಯ ಪುಸ್ತಕವನ್ನು ಮುಂದಿಟ್ಟೆವು. ಅವರು ಪುಟ ಮಗುಚಿ, "ಸಾರ್, ಲಸಿಕೆಯೇನೋ ಪ್ರತಿ ವರ್ಷ ತಪ್ಪದೆ ಹಾಕಿಸಿದ್ದೀರಿ. ಆದರೆ ಮೈಕ್ರೋಚಿಪ್ ಹಾಕಿಸಿಲ್ಲವಲ್ಲ. ಚಿಪ್ ಹಾಕುವುದಕ್ಕೆ ಮೊದಲು ಕೊಟ್ಟ ಲಸಿಕೆ ಅವರ ಲೆಕ್ಕಕ್ಕೆ ಬರುವುದಿಲ್ಲ. ಈವತ್ತಿನಿಂದ ಎಣಿಸಿದರೆ ಇನ್ನೂ ನಾಲ್ಕು ತಿಂಗಳು ಬೇಕು" ಎಂದರು.

ಲೆಕ್ಕ ಹೀಗಿದೆ. ಐರೋಪ್ಯ ಒಕ್ಕೂಟಕ್ಕೆ ಭಾರತದಿಂದ ಹೋಗುವ ನಾಯಿಗೆ ಮೊದಲು ಹದಿನೈದು ಅಂಕೆಗಳ ಗುರುತಿನ ಚಿಪ್ಪನ್ನು ಚರ್ಮದ ಕೆಳಗೆ ಸೇರಿಸಬೇಕು. ಅನಂತರವೇ ರೇಬಿಸ್ ಲಸಿಕೆ. ಲಸಿಕೆ ಕೊಟ್ಟು ಕನಿಷ್ಠ 30 ದಿನಗಳಾದ ಮೇಲೆ ರಕ್ತ ತೆಗೆದು, ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ರಕ್ತದಲ್ಲಿ ರೇಬಿಸ್ ವಿರುದ್ಧದ ಪ್ರತಿಕಾಯಗಳು ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕಗಳಷ್ಟಾದರೂ ಇರಬೇಕು. ಇಷ್ಟಿದ್ದರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಕೊನೆಯಲ್ಲಿ, ಪ್ರಯಾಣಕ್ಕೆ ಮುಂಚಿನ ಹತ್ತು ದಿನಗಳೊಳಗೆ, ಸರ್ಕಾರದ ಪಶುವೈದ್ಯರ ಆರೋಗ್ಯಪತ್ರ. ನಮ್ಮಲ್ಲಿ ಈ ಕೆಲಸ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯದು.

ಸೊಸೆ ಮುಖ ಸಣ್ಣದು ಮಾಡಿಕೊಂಡು, "ಮಾವ, ಮುತ್ತು ನಿಮ್ಮಲ್ಲೇ ಇರಲಿ, ನಾವು ಹೊರಡುತ್ತೇವೆ" ಎಂದಳು. ಮೊಮ್ಮಗಳು ಒಪ್ಪಲಿಲ್ಲ. ಅತ್ತು ರಂಪ ಮಾಡಲಿಲ್ಲ. "ಮುತ್ತು ಬರುವವರೆಗೆ ನಾನೂ ಬರುವುದಿಲ್ಲ" ಎಂದು ಹೇಳಿ ಪುಸ್ತಕ ಹಿಡಿದು ಕುಳಿತಳು. ಟಿಕೆಟ್ಟುಗಳನ್ನು ಆಗಸ್ಟ್ ಕೊನೆಗೆ ಮುಂದೂಡಬೇಕಾಯಿತು. ಅವರ ಬಾಡಿಗೆಯ ಮನೆಯನ್ನು ಬಿಟ್ಟುಕೊಟ್ಟಾಗಿತ್ತು. ಆದ್ದರಿಂದ ತಾಯಿ, ಮಗಳು, ನಾಯಿ ಮೂವರೂ ನಮ್ಮ ಮನೆಗೆ ಬಂದರು.

ನಾನು ಆವರೆಗೆ ಮನೆಯೊಳಗೆ ನಾಯಿಯನ್ನು ಸೇರಿಸಿದವನಲ್ಲ. ಮಗ ಚಿಕ್ಕವನಾಗಿದ್ದಾಗ ಎಷ್ಟು ಕೇಳಿದರೂ ತರಲು ಬಿಟ್ಟಿರಲಿಲ್ಲ. ನನ್ನಾಕೆಗೆ ಕಾರಣ ಗೊತ್ತಿತ್ತು. ಮಗನಿಗೆ ಗೊತ್ತಿರಲಿಲ್ಲ.

ಮನೆಗೆ ಬಂದ ಎರಡನೆಯ ದಿನ ಮೊಮ್ಮಗಳು ಕೇಳಿದಳು: "ತಾತ, ನಾನು ಪಾಸ್‌ಪೋರ್ಟ್, ವೀಸಾ ತೋರಿಸಿದರೆ ಬಿಡುತ್ತಾರೆ. ಮುತ್ತು ಮಾತ್ರ ರಕ್ತ ಕೊಟ್ಟು ಮೂರು ತಿಂಗಳು ಕಾಯಬೇಕು. ಮುತ್ತು ಏನು ತಪ್ಪು ಮಾಡಿದೆ?" ಅವಳಿಗೆ ಅಂದು ನಾನು ಕೊಟ್ಟ ಉತ್ತರ ಅರ್ಧ ಮಾತ್ರ. ಪೂರ್ತಿ ಉತ್ತರಕ್ಕೆ ಸಾವಿರ ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ನಾಯಿಯನ್ನು ಬಿಟ್ಟು ಹೊರಡಲೊಲ್ಲೆ ಎಂದವರಲ್ಲಿ ನಮಗೆಲ್ಲ ಮೊದಲು ನೆನಪಾಗುವವನು ಧರ್ಮರಾಯ. ಗದುಗಿನ ನಾರಣಪ್ಪ ಹತ್ತು ಪರ್ವಗಳಿಗೆ ಲೇಖನಿಯನ್ನು ಕೆಳಗಿಟ್ಟದ್ದರಿಂದ ಆ ಪ್ರಸಂಗ ಕುಮಾರವ್ಯಾಸ ಭಾರತದಲ್ಲಿಲ್ಲ. ಉಳಿದ ಪರ್ವಗಳನ್ನು ಕನ್ನಡಕ್ಕೆ ತಂದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ವ್ಯಾಸಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಇಂದ್ರನು ರಥದೊಡನೆ ಬಂದು ಕರೆಯುತ್ತಾನೆ. ನಾಯಿಗೆ ಸ್ವರ್ಗದಲ್ಲಿ ಎಡೆಯಿಲ್ಲವೆನ್ನುತ್ತಾನೆ. ಆಶ್ರಯಿಸಿ ಬಂದದ್ದನ್ನು ಬಿಟ್ಟು ಬರುವ ಸ್ವರ್ಗ ನನಗೆ ಬೇಡವೆಂದು ಯುಧಿಷ್ಠಿರ ನಿಂತುಬಿಡುತ್ತಾನೆ. ಆಕಾಶಮಾರ್ಗದ ಪ್ರಯಾಣದಲ್ಲಿ ನಾಯಿಯ ವಿಷಯಕ್ಕೆ ವಾಗ್ವಾದ ನಡೆದದ್ದು ಅಂದೇ ಮೊದಲಿರಬೇಕೆಂದು ನಾವು ಊಟದ ಹೊತ್ತಿನಲ್ಲಿ ನಗುತ್ತಿದ್ದೆವು.

ಪುರಾಣವನ್ನು ಬಿಟ್ಟು ಚರಿತ್ರೆಗೆ ಬಂದರೆ ನಮ್ಮ ನಾಡಿನಲ್ಲಿ ಆತಕೂರಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಊರು. ಕ್ರಿ.ಶ. 949ರ ಸುಮಾರಿನಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧ ನಡೆದು ಚೋಳ ರಾಜಾದಿತ್ಯ ಮಡಿದ. ಕೃಷ್ಣನ ಪಕ್ಷದಲ್ಲಿ ಹೋರಾಡಿದವನು ಗಂಗರ ಇಮ್ಮಡಿ ಬೂತುಗ. ಬೂತುಗನ ಕಡೆಯ ವೀರ ಮಣಲೇರ. ಅವನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೊ ಎಂದಾಗ ಮಣಲೇರನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿಯು ಒಂದು ದೊಡ್ಡ ಹಂದಿಯನ್ನು ಎದುರಿಸಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂಬ ಕಟ್ಟಳೆಯೂ ಅದರಲ್ಲಿದೆ. ತಕ್ಕೋಲದ ಯುದ್ಧದ ವಿವರಗಳಿಗಾಗಿ ಚರಿತ್ರಕಾರರು ಇಂದಿಗೂ ನೆಚ್ಚುವ ಮುಖ್ಯ ಆಧಾರಗಳಲ್ಲಿ ಈ ನಾಯಿಯ ಕಲ್ಲೂ ಒಂದು.

ನಾನು ಕೆಲಸಕ್ಕೆ ಸೇರಿದ್ದು ಅದೇ ಮದ್ದೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ, 1974ರಲ್ಲಿ. ಹೊಸ ಮೇಷ್ಟರ ಉತ್ಸಾಹ. ನಿಮ್ಮ ತಾಲ್ಲೂಕಿನಲ್ಲೇ ಇಂತಹ ಶಾಸನ ಸಿಕ್ಕಿತೆಂದು ಹೇಳಿ, ಕಪ್ಪುಹಲಗೆಯ ಮೇಲೆ ನಾಯಿಯನ್ನೂ ಹಂದಿಯನ್ನೂ ಬರೆದು ತೋರಿಸಿದೆ. ಎಂಟನೆಯ ತರಗತಿಯ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾ, ನಾಯಿಗೂ ಕಲ್ಲು ನಿಲ್ಲುಸ್ತಾರಾ?" ಎಂದು ಕೇಳಿದ. ಉಳಿದವರು ನಕ್ಕರು. ಅವನು ನಗಲಿಲ್ಲ. ಅಂದಿನಿಂದ ದಾರಿಯಲ್ಲಿ ಸಿಕ್ಕಾಗಲೆಲ್ಲ ತನ್ನ ಬೀದಿಯ ನಾಯಿಗಳ ಸುದ್ದಿಯನ್ನು ನನಗೆ ಹೇಳುತ್ತಿದ್ದ. ತನ್ನ ರೊಟ್ಟಿಯಲ್ಲಿ ಅವಕ್ಕೆ ಪಾಲು ಕೊಡುತ್ತಿದ್ದನೆಂದು ಆಮೇಲೆ ತಿಳಿಯಿತು.

1976ರ ಮಳೆಗಾಲದಲ್ಲಿ ಒಂದು ದಿನ ಅವನು ಬಲಗೈಗೆ ಹಳೆಯ ಬಟ್ಟೆ ಕಟ್ಟಿಕೊಂಡು ತರಗತಿಗೆ ಬಂದಿದ್ದ. ನಾನು ಅದನ್ನು ನೋಡಿದೆ. ಬರೆಯುವುದಕ್ಕೆ ಆಗುವುದಿಲ್ಲವೆಂದಾಗ, ಸರಿ, ಕೇಳಿಸಿಕೊ ಎಂದೆ. ಏನಾಯಿತೆಂದು ಕೇಳಲಿಲ್ಲ. ಸುಮಾರು ಎರಡು ತಿಂಗಳ ಮೇಲೆ ಅವನು ಶಾಲೆಗೆ ಬರುವುದು ನಿಂತಿತು. ಜ್ವರವೆಂದರು. ನಾಲ್ಕನೆಯ ದಿನ, ನೀರು ಕಂಡರೆ ಬೆದರುತ್ತಾನೆ, ಗಾಳಿ ಬೀಸಿದರೆ ಬೆಚ್ಚುತ್ತಾನೆ ಎಂದು ಅವನ ಓರಗೆಯವನೊಬ್ಬ ಬಂದು ಹೇಳಿದ. ನಾನು ಅವರ ಮನೆಗೆ ಹೋಗುವ ಹೊತ್ತಿಗೆ ಮುಗಿದಿತ್ತು. ಕಚ್ಚಿದ್ದು ಒಂದು ಮರಿ. ಅವನೇ ಅನ್ನ ಹಾಕುತ್ತಿದ್ದ ಮರಿ. ಅದನ್ನು ಹೊಡೆದುಬಿಡುತ್ತಾರೆಂದು ಹೆದರಿ ಅವನು ಮನೆಯಲ್ಲಿಯೂ ಹೇಳಿರಲಿಲ್ಲ, ಮುಳ್ಳು ಚುಚ್ಚಿತೆಂದಿದ್ದ. ತಾಯಿ ಅರಿಸಿನ ಹಚ್ಚಿ ಬಟ್ಟೆ ಕಟ್ಟಿದ್ದರು.

ಆ ಬಟ್ಟೆಯನ್ನು ನಾನು ನೋಡಿದ್ದೆ. ಐವತ್ತು ವರ್ಷಗಳಾಗುತ್ತ ಬಂದರೂ ಅದೊಂದು ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ. ಮನೆಗೆ ನಾಯಿಯನ್ನು ಸೇರಿಸದೆ ಇದ್ದದ್ದಕ್ಕೆ ಅದೇ ಕಾರಣ. ನಾಯಿಯ ಮೇಲೆ ಕೋಪವಿರಲಿಲ್ಲ. ನನ್ನ ಮೇಲೆಯೇ ನಂಬಿಕೆಯಿರಲಿಲ್ಲ.

ಆ ದಿನಗಳಲ್ಲಿಯೂ ಮದ್ದಿರಲಿಲ್ಲವೆಂದಲ್ಲ. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೀಸ್ಟರನಿಗೆ ರೇಬಿಸ್ ಲಸಿಕೆ ಕೊಡಿಸಿ ಬದುಕಿಸಿದ. ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ತೆರೆದವು. ನಮ್ಮ ತಂದೆಯ ಕಾಲದವರು ಹುಚ್ಚುನಾಯಿ ಕಚ್ಚಿದರೆ ಕೂನೂರಿನ ಮಾತನ್ನೆತ್ತುತ್ತಿದ್ದರು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯರು 1911ರಲ್ಲಿ ರೂಪಿಸಿದ, ಕುರಿಯ ಮಿದುಳಿನಿಂದ ಮಾಡಿದ ಲಸಿಕೆ ಬಹಳ ಕಾಲ ನಡೆಯಿತು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ಮಕ್ಕಳನ್ನು ಹೆದರಿಸುತ್ತಿದ್ದದ್ದು ಅದನ್ನೇ. ನಾಯಿ ಕಚ್ಚಿದ್ದನ್ನು ಮಕ್ಕಳು ಮುಚ್ಚಿಡಲು ಆ ಭಯವೂ ಒಂದು ಕಾರಣ. 2005ರ ವೇಳೆಗೆ ಆ ಲಸಿಕೆಯನ್ನು ನಮ್ಮ ದೇಶದಲ್ಲಿ ಕೈಬಿಡಲಾಯಿತು. ಈಗಿನದು ತೋಳಿಗೆ ಕೊಡುವ ಕೆಲವೇ ಸೂಜಿಗಳು.

ಇನ್ನು ನಾಯಿಗಳ ಗಡಿ ದಾಟುವಿಕೆಯ ಕಥೆ. ಕ್ವಾರಂಟೈನ್ ಎಂಬ ಪದ ವೆನಿಸಿನವರ ನಲವತ್ತು ದಿನಗಳಿಂದ ಬಂತು. ಪ್ಲೇಗು ಬರಬಹುದೆಂಬ ಭಯದಿಂದ ಹಡಗುಗಳನ್ನು ದಡಕ್ಕೆ ಬಿಡದೆ ದೂರ ನಿಲ್ಲಿಸುತ್ತಿದ್ದ ಅವಧಿ ಅದು. ನಾಯಿಗಳ ವಿಷಯದಲ್ಲಿ ಇದನ್ನು ಅತ್ಯಂತ ಕಟ್ಟುನಿಟ್ಟಾಗಿ ನಡೆಸಿದ ದೇಶ ಬ್ರಿಟನ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ನಾಯಿಗಳ ಬಾಯಿಗೆ ಕುಕ್ಕೆ ಹಾಕಬೇಕೆಂದೂ, ಹೊರದೇಶದಿಂದ ಬಂದವನ್ನು ಪ್ರತ್ಯೇಕವಾಗಿರಿಸಬೇಕೆಂದೂ ಆಜ್ಞೆಗಳಾದವು. 1902ರ ಹೊತ್ತಿಗೆ ದ್ವೀಪದಿಂದ ರೇಬಿಸ್ ತೊಲಗಿತು. ಮೊದಲನೆಯ ಮಹಾಯುದ್ಧ ಮುಗಿಯುವಾಗ, 1918ರಲ್ಲಿ, ಯುದ್ಧಭೂಮಿಯಿಂದ ಮರಳಿದ ಸೈನಿಕರು ಮುದ್ದಿನ ನಾಯಿಗಳನ್ನು ಕದ್ದುತಂದದ್ದರಿಂದ ರೋಗ ಮತ್ತೆ ಹೊಕ್ಕಿತೆಂದು ಹೇಳುತ್ತಾರೆ. ಅದನ್ನು ಪೂರ್ತಿಯಾಗಿ ನೀಗಲು 1922ರವರೆಗೆ ಹಿಡಿಯಿತು.

ಅಲ್ಲಿಂದ ಮುಂದೆ ಬ್ರಿಟನ್ನಿಗೆ ಹೋದ ಪ್ರತಿ ನಾಯಿಗೂ ಆರು ತಿಂಗಳ ಸೆರೆ. ಬೆಂಗಳೂರು ದಂಡಿನ ಅಧಿಕಾರಿಯ ನಾಯಿಯಾದರೂ ಸರಿ, ಬೇರಾರದ್ದಾದರೂ ಸರಿ. ರೇಬಿಸ್ ವಿಷಾಣು ಗಾಯದಿಂದ ನರಗಳ ದಾರಿ ಹಿಡಿದು ಮೆಲ್ಲನೆ ಮಿದುಳಿಗೇರುತ್ತದೆ. ಅಷ್ಟು ದಿನ ನಾಯಿ ನೋಡಲು ಆರೋಗ್ಯವಾಗಿಯೇ ಇರುತ್ತದೆ. ಆ ಅವಧಿ ಸಾಮಾನ್ಯವಾಗಿ ವಾರಗಳಿಂದ ತಿಂಗಳುಗಳಷ್ಟು. ಆರು ತಿಂಗಳು ಬೀಗ ಹಾಕಿ ನೋಡಿದರೆ, ಒಳಗೆ ರೋಗವಿದ್ದರೆ ಹೊರಬೀಳುತ್ತದೆ. ಲಸಿಕೆಯ ಫಲವನ್ನು ರಕ್ತದಲ್ಲಿ ಅಳೆಯುವ ವಿಧಾನ ನೆಲೆಗೊಂಡ ಮೇಲೆ, 2000ನೆಯ ಇಸವಿಯ ಫೆಬ್ರುವರಿ ಕೊನೆಯಲ್ಲಿ, ಬ್ರಿಟನ್ ಕೆಲವು ದೇಶಗಳ ಮಟ್ಟಿಗೆ ಈ ಸೆರೆಯನ್ನು ಸಡಿಲಿಸಿತು. 2012ರಲ್ಲಿ ಐರೋಪ್ಯ ಒಕ್ಕೂಟದ ನಿಯಮಗಳನ್ನೇ ಅನುಸರಿಸಿತು. ಸೆರೆಮನೆಯ ಆರು ತಿಂಗಳು ಹೋಗಿ, ಮನೆಯಲ್ಲೇ ಕಾಯುವ ಮೂರು ತಿಂಗಳು ಬಂತು.

ಈಗ ಮೊಮ್ಮಗಳ ಪ್ರಶ್ನೆಗೆ ಉತ್ತರ ಹೇಳಬಹುದು. ರಕ್ತಪರೀಕ್ಷೆಯು ಲಸಿಕೆ ಹಿಡಿದಿದೆಯೆಂದು ತೋರಿಸುತ್ತದೆ. ಮೂರು ತಿಂಗಳ ಕಾಯುವಿಕೆಯು, ಲಸಿಕೆಗೆ ಮುಂಚೆಯೇ ರೋಗ ಒಳಹೊಕ್ಕಿರಲಿಲ್ಲವೆಂದು ತೋರಿಸುತ್ತದೆ. ಇದರಲ್ಲಿ ಮುತ್ತುವಿನ ತಪ್ಪೇನೂ ಇಲ್ಲ. ರೇಬಿಸ್ ಹತೋಟಿಯಲ್ಲಿರುವ ದೇಶಗಳ ಪಟ್ಟಿಯೊಂದನ್ನು ಒಕ್ಕೂಟ ಇಟ್ಟುಕೊಂಡಿದೆ. ಅಂತಹ ದೇಶದ ನಾಯಿಗೆ ಈ ರಕ್ತಪರೀಕ್ಷೆಯೂ ಇಲ್ಲ, ಮೂರು ತಿಂಗಳೂ ಇಲ್ಲ. ಭಾರತ ಆ ಪಟ್ಟಿಯಲ್ಲಿಲ್ಲ. ವಿಮಾನ ಕಂಪನಿ ನಾಯಿಯನ್ನು ತೂಗುತ್ತದೆ. ಗಡಿಯ ಅಧಿಕಾರಿ ತೂಗುವುದು ಆ ನಾಯಿ ಓಡಾಡಿದ ಬೀದಿಯನ್ನು.

ನಮ್ಮ ಬೀದಿಯ ಲೆಕ್ಕವೇನು? ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬಿಸ್‌ನಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಭಾರತದಲ್ಲಿ ಸುಮಾರು 20,000 ಎಂದು ಬಹುಕಾಲ ಹೇಳುತ್ತಿದ್ದರು. ಇತ್ತೀಚಿನ ಸಮೀಕ್ಷೆಯೊಂದು ಅದನ್ನು 5,700ರ ಆಸುಪಾಸಿಗೆ ಇಳಿಸಿದೆ. ಇಳಿದದ್ದು ಸಂತೋಷವೇ, ಆದರೆ ಅಷ್ಟು ಮನೆಗಳನ್ನು ಎಣಿಸಿಕೊಳ್ಳಿ. 2023ರಲ್ಲಿ ಬೆಂಗಳೂರು ನಗರದಲ್ಲಿ ನಡೆದ ಎಣಿಕೆಯಲ್ಲಿ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ. ಇವನ್ನೆಲ್ಲ ಕೊಲ್ಲಬೇಕೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನೂರಕ್ಕೆ ಎಪ್ಪತ್ತು ನಾಯಿಗಳಿಗೆ ತಪ್ಪದೆ ಲಸಿಕೆ ಹಾಕುತ್ತ ಬಂದರೆ ರೋಗದ ಸರಪಳಿ ತುಂಡಾಗುತ್ತದೆಂದು ತಜ್ಞರು ಬಹಳ ವರ್ಷಗಳಿಂದ ಹೇಳುತ್ತಿದ್ದಾರೆ. ನೆರೆಯ ಗೋವಾದಲ್ಲಿ ಹಾಗೆ ಮಾಡಿ, 2021ರಲ್ಲಿ ಆ ರಾಜ್ಯವನ್ನು ರೇಬಿಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿದರು. ನಮ್ಮ ರಾಜ್ಯವೂ 2022ರಲ್ಲಿ ಮನುಷ್ಯರ ರೇಬಿಸ್ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವ ರೇಬಿಸ್ ಪ್ರಯೋಗಾಲಯಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆಯಿದೆ. ವಿದ್ಯೆ ನಮ್ಮೂರಿನಲ್ಲೇ ಇದೆ, ಬೀದಿಗೆ ಇಳಿಯಬೇಕಾಗಿದೆ.

ಅಮೆರಿಕದಲ್ಲಿರುವ ವಿದ್ಯಾರ್ಥಿಗಳು ಕೇಳಬಹುದೆಂದು ಅಲ್ಲಿಯ ಮಾತನ್ನೂ ಸೇರಿಸುತ್ತೇನೆ. 2024ರ ಆಗಸ್ಟ್ 1ರಿಂದ ಅಲ್ಲಿ ಹೊಸ ನಿಯಮ ಬಂದಿದೆ. ನಾಯಿಗೆ ಆರು ತಿಂಗಳಾದರೂ ತುಂಬಿರಬೇಕು, ಚಿಪ್ ಇರಬೇಕು. ರೇಬಿಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತವಿರುವುದರಿಂದ, ಇಲ್ಲಿ ಲಸಿಕೆ ಪಡೆದ ನಾಯಿ ಗೊತ್ತುಪಡಿಸಿದ ಆರು ವಿಮಾನ ನಿಲ್ದಾಣಗಳಲ್ಲೊಂದರಲ್ಲಿಯೇ ಇಳಿಯಬೇಕು. ಒಪ್ಪಿತವಾದ ರಕ್ತಪರೀಕ್ಷೆಯ ಪತ್ರವಿಲ್ಲದಿದ್ದರೆ 28 ದಿನ ಕ್ವಾರಂಟೈನ್. ಜಪಾನಿಗಾದರೆ ರಕ್ತಪರೀಕ್ಷೆಯ ಮೇಲೆ 180 ದಿನಗಳ ಕಾಯುವಿಕೆ. ಆಸ್ಟ್ರೇಲಿಯಾಕ್ಕೆ ಭಾರತದಿಂದ ನೇರವಾಗಿ ಒಯ್ಯುವಂತಿಲ್ಲ. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ಮತ್ತು ಅವರ ಪತ್ನಿ ಆಂಬರ್ ಹರ್ಡ್ ಎರಡು ಪುಟ್ಟ ನಾಯಿಗಳನ್ನು ಖಾಸಗಿ ವಿಮಾನದಲ್ಲಿ ತಿಳಿಸದೆ ಅಲ್ಲಿಗೆ ಒಯ್ದಾಗ, ಹಿಂದಕ್ಕೆ ಕಳಿಸಿ, ಇಲ್ಲವಾದರೆ ಕೊಲ್ಲಬೇಕಾಗುತ್ತದೆ ಎಂದು ಮಂತ್ರಿಯೇ ಎಚ್ಚರಿಸಿದರು. ನಾಯಿಗಳು ಮರಳಿದವು, ಮೊಕದ್ದಮೆ ಮರುವರ್ಷದವರೆಗೆ ನಡೆಯಿತು.

ನಿಯಮವು ಕರುಣೆಗೆ ಬಾಗಿದ್ದೂ ಉಂಟು. 2022ರಲ್ಲಿ ಉಕ್ರೇನಿನ ಮೇಲೆ ಯುದ್ಧ ಬಿದ್ದಾಗ ನಮ್ಮ ದೇಶದ ಕೆಲವು ವಿದ್ಯಾರ್ಥಿಗಳು ಸಾಕುಪ್ರಾಣಿಗಳನ್ನು ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದರು. ಆಗ ಕೇಂದ್ರ ಸರ್ಕಾರವು, ರಕ್ಷಿಸಿ ಕರೆತರುತ್ತಿದ್ದವರೊಂದಿಗೆ ಅವರ ಪ್ರಾಣಿಗಳೂ ಬರಲೆಂದು ಒಂದು ಬಾರಿಯ ಮಟ್ಟಿಗೆ ಕಾಗದಪತ್ರಗಳ ನಿಯಮವನ್ನು ಸಡಿಲಿಸಿತು. ಇಂದ್ರನೂ ಕೊನೆಗೆ ಧರ್ಮರಾಯನ ಮಾತಿಗೆ ತಲೆದೂಗಿದನಲ್ಲವೇ?

ಮರಳಿ ನಮ್ಮ ಮನೆಗೆ ಬರೋಣ. ಏಪ್ರಿಲಿನಲ್ಲಿ ಅದೇ ದಿನ ಚಿಪ್ಪನ್ನು ಸೇರಿಸಿ ಲಸಿಕೆ ಹಾಕಿದರು. ಮೇ ಮೂರನೆಯ ವಾರ ರಕ್ತ ತೆಗೆದರು. ಫಲಿತಾಂಶ ಬರುವವರೆಗೆ ಎಲ್ಲರಿಗೂ ಆತಂಕ. ಅರ್ಧ ಘಟಕಕ್ಕಿಂತ ಕಡಿಮೆ ಬಂದರೆ ಮತ್ತೆ ಮೊದಲಿಂದ ಆರಂಭಿಸಬೇಕು. ಬಂದ ಅಂಕೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚಿತ್ತು. ಮೊಮ್ಮಗಳು ಅದನ್ನು ತನ್ನ ಅಂಕಪಟ್ಟಿಯಂತೆ ಎಲ್ಲರಿಗೂ ತೋರಿಸಿದಳು.

ಕಾಯುವ ಮೂರು ತಿಂಗಳಲ್ಲಿ ಅವಳಿಗೆ ಪಶುವೈದ್ಯರು ಒಂದು ಕೆಲಸ ಕೊಟ್ಟಿದ್ದರು. ಚೀಲದ ಬಾಯಿ ತೆರೆದಿಟ್ಟು ಮುತ್ತುವನ್ನು ಅದರೊಳಗೆ ಮಲಗಲು ರೂಢಿಸಬೇಕು. ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ, ಆಮೇಲೆ ಬಾಯಿ ಮುಚ್ಚಿ ಒಂದು ಗಂಟೆ. ವಿಮಾನದೊಳಗೆ ನಾಯಿಯನ್ನು ಒಯ್ಯಲು ಬಿಡುವ ಕಂಪನಿಗಳಲ್ಲಿ ಹಲವು ಚೀಲವೂ ಸೇರಿ ಎಂಟು ಕಿಲೋ ಮೀರಬಾರದೆನ್ನುತ್ತವೆ. ಚೀಲವು ಮುಂದಿನ ಆಸನದ ಕೆಳಗೆ ಹಿಡಿಸಬೇಕು, ಒಳಗೆ ನಾಯಿ ನಿಂತು ತಿರುಗುವಷ್ಟು ಎಡೆಯಿರಬೇಕು. ಒಂದು ವಿಮಾನದಲ್ಲಿ ಕೆಲವೇ ಪ್ರಾಣಿಗಳಿಗೆ ಅವಕಾಶವಾದ್ದರಿಂದ ಮುಂಚಿತವಾಗಿ ತಿಳಿಸಬೇಕು. ಕೆಲವು ಕಂಪನಿಗಳು ಒಳಗೆ ಬಿಡುವುದೇ ಇಲ್ಲ, ಮತ್ತು ಬ್ರಿಟನ್ನಿನಲ್ಲಿ ಇಳಿಯುವುದಾದರೆ ಸಣ್ಣ ನಾಯಿಯೂ ಸರಕಿನ ವಿಭಾಗದಲ್ಲೇ ಬರಬೇಕು. ನಮ್ಮ ಮುಧೋಳದ ಬೇಟೆನಾಯಿ ಈ ಚೀಲಕ್ಕೆ ಎಂದೂ ಹಿಡಿಸದು. ಅದಕ್ಕೆ ಗಟ್ಟಿ ಪಂಜರ, ಕೆಳಗಿನ ಅಂಕಣ. ನಿದ್ರೆಯ ಮಾತ್ರೆ ಕೊಟ್ಟರೆ ಹೇಗೆಂದು ಸೊಸೆ ಕೇಳಿದಾಗ ವೈದ್ಯರು ಬೇಡವೆಂದರು; ಎತ್ತರದಲ್ಲಿ ಉಸಿರಾಟಕ್ಕೆ ತೊಂದರೆಯಾದೀತು.

ಸೊಸೆ ಹಗಲೆಲ್ಲ ಮನೆಯಿಂದಲೇ ಕಚೇರಿ ಕೆಲಸ ಮಾಡುತ್ತಿದ್ದಳು, ಮೊಮ್ಮಗಳು ಜರ್ಮನ್ ಪಾಠಕ್ಕೆ ಹೋಗುತ್ತಿದ್ದಳು. ಆದ್ದರಿಂದ ಬೆಳಗಿನ ನಡಿಗೆಗೆ ಮುತ್ತುವನ್ನು ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ವಾರ ಹಗ್ಗವನ್ನು ತೋಳಿನಷ್ಟು ದೂರ ಹಿಡಿದು ನಡೆದೆ. ಬೀದಿಯ ನಾಯಿ ಹತ್ತಿರ ಬಂದರೆ ನನ್ನ ಅಂಗೈ ಬೆವರುತ್ತಿತ್ತು. ಜೂನ್ ಹೊತ್ತಿಗೆ ಮುತ್ತು ಪಾರ್ಕಿನ ಕಲ್ಲುಬೆಂಚಿನ ಕೆಳಗೆ ನನ್ನ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗುತ್ತಿತ್ತು. ಒಂದು ಬೆಳಿಗ್ಗೆ ಅಲ್ಲಿ ಮೊಮ್ಮಗಳಿಗೆ ಆ ಹುಡುಗನ ಕಥೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಮೂರು ತಿಂಗಳು ಕಾಯುವುದು ಸರಿಯೇ ತಾತ" ಎಂದಳು. ಆಮೇಲೆ, "ಆ ಹುಡುಗನಿಗೆ ಯಾರಾದರೂ ಕಲ್ಲು ನಿಲ್ಲಿಸಿದರಾ?" ಎಂದು ಕೇಳಿದಳು. ಇಲ್ಲವೆಂದೆ.

ಆಗಸ್ಟ್ ಕೊನೆಯಲ್ಲಿ ದೇವನಹಳ್ಳಿಯ ನಿಲ್ದಾಣಕ್ಕೆ ಹೊರಟೆವು. ಜಯನಗರದಿಂದ ಸುಮಾರು ನಲವತ್ತು ಕಿಲೋಮೀಟರು. ದಾರಿಯುದ್ದಕ್ಕೂ ಚೀಲ ನನ್ನ ತೊಡೆಯ ಮೇಲಿತ್ತು. ಬಾಗಿಲಿನಲ್ಲಿ ಮೊಮ್ಮಗಳ ಕೈಗೆ ಅದನ್ನು ಕೊಡುವಾಗ ಒಳಗಿಂದ ಮೂಗು ನನ್ನ ಬೆರಳಿಗೆ ತಾಗಿತು. ಸೊಸೆಯ ಕೈಯಲ್ಲಿದ್ದ ಕಡತ ನನ್ನ ನಿವೃತ್ತಿವೇತನದ ಕಡತಕ್ಕಿಂತ ದಪ್ಪವಾಗಿತ್ತು. ಒಳಗೆ ಚೀಲವನ್ನು ತೂಕಕ್ಕಿಟ್ಟರೆಂದೂ, ಆರೂವರೆ ಕಿಲೋ ಬಂತೆಂದೂ ಫೋನಿನಲ್ಲಿ ತಿಳಿಯಿತು.

ಮರುದಿನ ಫ್ರಾಂಕ್‌ಫರ್ಟಿನಿಂದ ಕರೆ ಬಂತು. ಮುತ್ತು ದಾರಿಯಲ್ಲಿ ಎರಡೇ ಬಾರಿ ಮುಲುಗಿತಂತೆ, ಉಳಿದಂತೆ ಮಲಗಿತ್ತಂತೆ. ಇಳಿದ ಮೇಲೆ ಸುಂಕದ ಕಟ್ಟೆಯ ಕೆಂಪು ದಾರಿಯಲ್ಲಿ ಹೋಗಿ ಕಾಗದಗಳನ್ನು ತೋರಿಸಿದರು. ಅಧಿಕಾರಿ ಯಂತ್ರವೊಂದನ್ನು ಕತ್ತಿನ ಬಳಿ ಆಡಿಸಿ ಹದಿನೈದು ಅಂಕೆಗಳನ್ನು ಓದಿ, ಪತ್ರದೊಡನೆ ಹೋಲಿಸಿ, ಹೋಗಿ ಎಂದರಂತೆ. ನಾಲ್ಕು ತಿಂಗಳ ಕಾಯುವಿಕೆ ನಾಲ್ಕು ನಿಮಿಷದಲ್ಲಿ ಮುಗಿಯಿತೆಂದು ಮಗ ನಕ್ಕ. ನಾನು ಅವನಿಗೆ ಆ ಹುಡುಗನ ವಿಷಯ ಅಂದು ಮೊದಲ ಬಾರಿಗೆ ಹೇಳಿದೆ. ಚಿಕ್ಕಂದಿನಲ್ಲಿ ನಾಯಿ ಬೇಡವೆಂದದ್ದಕ್ಕೆ ಕಾರಣವನ್ನೂ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. "ಮೊದಲೇ ಹೇಳಬಾರದಿತ್ತೇ ಅಪ್ಪಾ" ಎಂದ.

ನಿಮ್ಮಲ್ಲಿ ಹಲವರು ಈಗ ಹೊರದೇಶಗಳಲ್ಲಿದ್ದೀರಿ, ಇನ್ನು ಕೆಲವರು ಹೊರಡುವವರಿದ್ದೀರಿ. ನಾಯಿಯನ್ನು ಜೊತೆಗೊಯ್ಯುವ ಮನಸ್ಸಿದ್ದರೆ, ಚೀಲ ಕೊಳ್ಳುವ ಮೊದಲು ಚಿಪ್ ಹಾಕಿಸಿ. ಎಲ್ಲ ಲೆಕ್ಕವೂ ಅಲ್ಲಿಂದ ಆರಂಭ. ಹೋಗುವ ದೇಶದ ಮತ್ತು ವಿಮಾನ ಕಂಪನಿಯ ನಿಯಮಗಳನ್ನು ಹೊರಡುವ ಮುನ್ನ ನೀವೇ ಓದಿಕೊಳ್ಳಿ, ಅವು ಬದಲಾಗುತ್ತಿರುತ್ತವೆ. ಇಲ್ಲಿಯೇ ಇರುವವರು ನಿಮ್ಮ ಬೀದಿಯ ನಾಯಿಗಳಿಗೆ ಲಸಿಕೆ ಹಾಕಲು ಬಂದವರೊಡನೆ ಒಂದು ಗಂಟೆ ನಿಂತು ನೆರವಾಗಿ.

ಅಧ್ಯಾಪಕರಾಗಿರುವವರಿಗೆ ಇನ್ನೊಂದು ಮಾತು. ನಾಯಿ ಕಚ್ಚಿದರೆ, ಗೀರಿದರೂ ಸರಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕೆಂದು ಮಕ್ಕಳಿಗೆ ಹೇಳಿಕೊಡಿ. ಹೇಳಿದರೆ ಯಾರೂ ಬೈಯುವುದಿಲ್ಲವೆಂದೂ ಹೇಳಿ. ಕೈಗೆ ಬಟ್ಟೆ ಕಟ್ಟಿಕೊಂಡು ಬಂದ ಮಗುವನ್ನು ಕಂಡರೆ, ಪಾಠ ನಿಲ್ಲಿಸಿ, ಏನಾಯಿತೆಂದು ಕೇಳಿ.